ಸಾವಿರ ಗಜಕ್ಕೆ ನಾನು ಸ್ಕೋಪ್ ಆರಿಸಿದ ಬಗೆ

ಇಲ್ಲಿ ಟೆಕ್ಸಾಸ್‌ನಲ್ಲಿ ನಮ್ಮ ಕನ್ನಡದವರು ಕೆಲವರು ದೂರದ ಗುರಿಯ ಶೂಟಿಂಗ್ ಶುರು ಮಾಡಿದ್ದಾರೆ. ಸ್ಕೋಪ್, ಅಂದರೆ ರೈಫಲ್ ಮೇಲೆ ಕೂರಿಸುವ ದುರ್ಬೀನು ಕೊಳ್ಳುವಾಗ ಅವರು ಮೊದಲು ಕೇಳೋದು "ಎಷ್ಟು ಎಕ್ಸ್ ಜೂಮ್ ಇರೋದು ತಗೊಳ್ಳಲಿ?" ಅಂತ. ನಾನು ಅದನ್ನು ಕೊನೆಗೆ ನೋಡಿದೆ. ಮೊದಲು ನೋಡಿದ್ದು ಟರೆಟ್, ಅಂದರೆ ಗುರಿಯನ್ನು ಸರಿಹೊಂದಿಸಲು ಸ್ಕೋಪ್ ಮೇಲಿರುವ ತಿರುಗಿಸುವ ಗುಂಡಿ.

ನನ್ನದು 6.5 ಕ್ರೀಡ್‌ಮೋರ್ ಎಂಬ ಕಾಡತೂಸಿನ ರೈಫಲ್, 140 ಗ್ರೇನ್ (ಸುಮಾರು 9 ಗ್ರಾಂ) ತೂಕದ ಬುಲೆಟ್. 100 ಗಜಕ್ಕೆ ಜೀರೋ ಮಾಡಿಟ್ಟರೆ, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ಬೀಳುವಂತೆ ಹೊಂದಿಸಿಟ್ಟರೆ, 1000 ಗಜ ಮುಟ್ಟುವಷ್ಟರಲ್ಲಿ ಬುಲೆಟ್ 9 ಮಿಲ್ ಆಸುಪಾಸು ಕೆಳಗಿಳಿದಿರುತ್ತದೆ. ಮಿಲ್ ಅನ್ನೋದು ಕೋನದ ಅಳತೆ, ದೂರದ ಸಾವಿರದಲ್ಲೊಂದು ಪಾಲು; ಆ ದೂರದಲ್ಲಿ 1 ಮಿಲ್ ಅಂದರೆ 36 ಇಂಚು. ಒಟ್ಟು 27 ಅಡಿ ಆಯಿತು, ಎರಡು ಮಹಡಿ ಮನೆಯಷ್ಟು ಎತ್ತರ! ಅಷ್ಟನ್ನೂ ಟರೆಟ್ ತುಂಬಿಕೊಡಬೇಕು. ಅದು ತಿರುಗಿಸಿದಷ್ಟೇ ಸರಿಯಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇದು ಸರಿ ಇಲ್ಲದ ಸ್ಕೋಪ್‌ನ ಗಾಜು ಎಷ್ಟೇ ಚೆನ್ನಾಗಿದ್ದರೂ ನನಗೆ ಬೇಡ.

ನಾನು ತಗೊಂಡಿದ್ದು ವೋರ್ಟೆಕ್ಸ್ ವೈಪರ್ ಪಿಎಸ್‌ಟಿ ಜೆನ್ 2, 5-25x50, ಅಂದರೆ ಜೂಮ್ 5ರಿಂದ 25, ಮುಂದಿನ ಗಾಜು 50 ಮಿಮೀ. ಅದರ ಟ್ಯೂಬ್ (ನಡುವಿನ ಕೊಳವೆ) 30 ಮಿಮೀ ದಪ್ಪ, ಟರೆಟ್ ಮೇಲೆ ಕೆಳಗೆ ಸೇರಿ ಸುಮಾರು 20 ಮಿಲ್ ಓಡುತ್ತದೆ. ಆದರೆ ಸಪಾಟಾದ ರೈಲ್ (ರೈಫಲ್ ಮೇಲೆ ಸ್ಕೋಪ್ ಕೂರಿಸುವ ಪಟ್ಟಿ) ಮೇಲೆ ಕೂರಿಸಿದರೆ ಜೀರೋ ಹೆಚ್ಚುಕಡಿಮೆ ನಡುವಿಗೆ ಬರುವುದರಿಂದ ಅದರಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ, ಅಂದರೆ 10. ನನಗೆ ಬೇಕಾದ 9ಕ್ಕೆ ಅದು ತೀರಾ ಬಿಗಿ. ಅದಕ್ಕೇ 20 ಎಂಒಎ (ಕೋನದ ಇನ್ನೊಂದು ಅಳತೆ, ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲು) ಇಳಿಜಾರಿನ ರೈಲ್ ಹಾಕಿದೆ. ಅದರಿಂದ 5.8 ಮಿಲ್ ಜಾಸ್ತಿ ಸಿಕ್ಕಿತು, ಈಗ ಹತ್ತಿರ ಹತ್ತಿರ 16 ಮಿಲ್ ಮೇಲಕ್ಕೆ ಹೋಗಬಹುದು. ದಪ್ಪ ಟ್ಯೂಬ್ ಇದ್ದರೆ ಬೆಳಕು ಜಾಸ್ತಿ ಬರುತ್ತದೆ ಅಂತ ಅಂಗಡಿಯಲ್ಲಿ ಹೇಳೋರು ಇದ್ದಾರೆ, ನಂಬಬೇಡಿ. 34 ಮಿಮೀ ಟ್ಯೂಬ್‌ನಿಂದ ಸಾಮಾನ್ಯವಾಗಿ ಸಿಗೋದು ಒಳಗೆ ಓಡಾಡೋಕೆ ಜಾಗ.

ಮಿಲ್ಲೋ ಎಂಒಎಯೋ ಅಂತ ಜಗಳ ಬೇಕಾಗಿಲ್ಲ. ಟರೆಟ್ ಒಂದೊಂದೇ ಕ್ಲಿಕ್ ಆಗಿ ತಿರುಗುತ್ತದೆ. 1000 ಗಜದಲ್ಲಿ 0.1 ಮಿಲ್ ಕ್ಲಿಕ್ ಅಂದರೆ 3.6 ಇಂಚು, ಕಾಲು ಎಂಒಎ ಕ್ಲಿಕ್ ಅಂದರೆ 2.6 ಇಂಚು. ಎರಡೂ ಸಾಕು. ನನ್ನ ಜೊತೆ ಶೂಟ್ ಮಾಡೋರೆಲ್ಲ ಮಿಲ್‌ನಲ್ಲೇ ಮಾತಾಡುತ್ತಾರೆ, ಹಾಗಾಗಿ ನಾನೂ ಮಿಲ್. ರೆಟಿಕಲ್ (ಸ್ಕೋಪ್ ಒಳಗೆ ಕಾಣುವ ಅಳತೆಯ ಗೀಟುಗಳು) ಮತ್ತು ಟರೆಟ್ ಎರಡೂ ಒಂದೇ ಅಳತೆಯಲ್ಲಿರಲಿ, ಅಷ್ಟೇ.

ಫಸ್ಟ್ ಫೋಕಲ್ ಪ್ಲೇನ್ (ಜೂಮ್ ಜೊತೆಗೇ ರೆಟಿಕಲ್ ಕೂಡ ಹಿಗ್ಗಿ ಕುಗ್ಗುವ ಬಗೆ) ವಿಷಯದಲ್ಲಿ ಮಾತ್ರ ನಾನು ರಾಜಿ ಆಗಲಿಲ್ಲ. ಎತ್ತರವನ್ನು ನಾನು ಟರೆಟ್‌ನಲ್ಲಿ ತಿರುಗಿಸುತ್ತೇನೆ, ಗಾಳಿಯನ್ನು ರೆಟಿಕಲ್ ಗೀಟಿನಲ್ಲೇ ಹಿಡಿಯುತ್ತೇನೆ. ಗಂಟೆಗೆ 10 ಮೈಲಿ ಅಡ್ಡಗಾಳಿ ಇದ್ದರೆ 1000 ಗಜದಲ್ಲಿ ನನ್ನ ಬುಲೆಟ್ ಸುಮಾರು 2 ಮಿಲ್ ಪಕ್ಕಕ್ಕೆ ಹೋಗುತ್ತದೆ, ಗಾಳಿ ಕ್ಷಣಕ್ಷಣಕ್ಕೂ ಬದಲಾಗುತ್ತಿರುವಾಗ ಪ್ರತಿ ಸಲ ಗುಂಡಿ ತಿರುಗಿಸುತ್ತಾ ಕೂರೋಕಾಗುತ್ತದಾ? ಫಸ್ಟ್ ಫೋಕಲ್‌ನಲ್ಲಿ ಜೂಮ್ ಎಷ್ಟಿದ್ದರೂ ಆ 2 ಮಿಲ್ 2 ಮಿಲ್ಲೇ. ರೆಟಿಕಲ್ ಹಿಗ್ಗದ ಸೆಕೆಂಡ್ ಫೋಕಲ್‌ನಲ್ಲಿ ಅದು ಒಂದೇ ಜೂಮ್‌ನಲ್ಲಿ ಸರಿ, ಸಾಮಾನ್ಯವಾಗಿ ಅತಿ ಹೆಚ್ಚಿನದರಲ್ಲಿ.

ಇನ್ನು ಜೂಮ್. 25 ಇದೆ ನಿಜ, ನಾನು ಹೊಡೆಯೋದು 15ರ ಹತ್ತಿರ ಇಟ್ಟುಕೊಂಡು. ಟೆಕ್ಸಾಸ್ ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತು ಗಂಟೆ ದಾಟಿದರೆ ನೆಲ ಕಾದು ಬಿಸಿಲ್ಗುದುರೆ ಏಳುತ್ತದೆ. 25ರಲ್ಲಿ ನೋಡಿದರೆ ಉಕ್ಕಿನ ಪ್ಲೇಟಿನ ಅಂಚೇ ಸಿಗೋದಿಲ್ಲ, ನೀರಿನಲ್ಲಿ ಮುಳುಗಿದ ಹಾಗೆ ಕದಲುತ್ತಿರುತ್ತದೆ. 15ಕ್ಕೆ ಇಳಿಸಿದರೆ ಪ್ಲೇಟು ನಿಲ್ಲುತ್ತದೆ, ಬುಲೆಟ್ ಬಿದ್ದ ಕಡೆ ಏಳುವ ಧೂಳೂ ಕಾಣುತ್ತದೆ. ಆ ಧೂಳು ಕಂಡರೆ ತಾನೇ ಮುಂದಿನ ಗುಂಡನ್ನು ತಿದ್ದಿಕೊಳ್ಳೋಕೆ ಆಗೋದು?

ಸ್ಕೋಪ್ ಕೈಗೆ ಬಂದ ಮೇಲೆ ಮಾಡಲೇಬೇಕಾದ ಒಂದು ಪರೀಕ್ಷೆ ಇದೆ. ಉದ್ದ ಕಾಗದ ನಿಲ್ಲಿಸಿ, ತೂಗುಗುಂಡು ಬಿಟ್ಟು ನೇರ ಗೀಟು ಎಳೆಯಿರಿ. ಕೆಳಗಡೆ ಒಂದು ಚುಕ್ಕೆ ಇಡಿ. 100 ಗಜವನ್ನು ಟೇಪ್ ಹಿಡಿದು ಅಳೆಯಿರಿ, ಯಾಕೆಂದರೆ ದೂರ ಅಳೆಯುವ ರೇಂಜ್‌ಫೈಂಡರ್ ಒಂದು ಗಜ ತಪ್ಪಿದರೂ ಶೇಕಡಾ 1ರಷ್ಟು ಅಳತೆ ಕೆಡುತ್ತದೆ. ಚುಕ್ಕೆಗೆ ಗುರಿಯಿಟ್ಟು ಕೆಲವು ಗುಂಡು ಹೊಡೆಯಿರಿ, ಅದು ಮೊದಲನೇ ಗುಂಪು. ಆಮೇಲೆ ಟರೆಟ್ 10 ಮಿಲ್ ಏರಿಸಿ, ಅದೇ ಚುಕ್ಕೆಗೆ ಗುರಿಯಿಟ್ಟು ಮತ್ತೆ ಹೊಡೆಯಿರಿ. ಎರಡನೇ ಗುಂಪು ಸರಿಯಾಗಿ 36 ಇಂಚು ಮೇಲೆ, ಗೀಟಿನ ಮೇಲೇ ಬೀಳಬೇಕು. ವಾಪಸ್ ಜೀರೋಗೆ ತಂದರೆ ಮೊದಲನೇ ಗುಂಪಿನ ಜೊತೆಗೇ ಬೀಳಬೇಕು. ನನ್ನದು ಬಿತ್ತು. ಗೆಳೆಯರೊಬ್ಬರ ಬೇರೆ ಕಂಪನಿಯ ಸ್ಕೋಪ್ 35 ಇಂಚಿಗೇ ನಿಂತಿತು. ಒಂದಿಂಚು ತಾನೇ ಅನ್ನಿಸಬಹುದು. 1000 ಗಜದಲ್ಲಿ ಅದು 9 ಇಂಚು ಕೆಳಗೆ, ಅಂದರೆ 18 ಇಂಚಿನ ಪ್ಲೇಟಿನ ನಡುವಿಗೆ ಗುರಿಯಿಟ್ಟರೂ ಬುಲೆಟ್ ಕೆಳಗಿನ ಅಂಚಿಗೆ. ಪ್ರತಿ ಸಲ ಅಷ್ಟೇ ತಪ್ಪುತ್ತಿದ್ದರೆ ಗುಂಡಿನ ಹಾದಿ ಲೆಕ್ಕ ಹಾಕುವ ಬ್ಯಾಲಿಸ್ಟಿಕ್ ಆ್ಯಪ್‌ನಲ್ಲಿ ತಿದ್ದುಪಡಿ ಹಾಕಿ ನಡೆಸಬಹುದು. ಒಂದೊಂದು ಸಲ ಒಂದೊಂದು ಥರ ಆದರೆ ವಾಪಸ್ ಕಳಿಸಿ.

ಎರಡನೇ ಗುಂಪು ಗೀಟಿನಿಂದ ಪಕ್ಕಕ್ಕೆ ಸರಿದರೆ ಸ್ಕೋಪ್ ವಾಲಿದೆ ಅಂತ ಅರ್ಥ. ಬರೀ 3 ಡಿಗ್ರಿ ವಾಲಿದ್ದರೂ 9 ಮಿಲ್ ಏರಿಸಿದಾಗ 1000 ಗಜದಲ್ಲಿ ಹತ್ತಿರ ಹತ್ತಿರ 17 ಇಂಚು ಪಕ್ಕಕ್ಕೆ ಹೋಗುತ್ತದೆ, ನೀವು ಅದನ್ನು ಗಾಳಿ ಅಂದುಕೊಂಡು ದಿನವಿಡೀ ತಲೆ ಕೆಡಿಸಿಕೊಳ್ಳುತ್ತೀರಿ. ಸ್ಕೋಪ್ ಹಿಡಿದಿಡುವ ಒಳ್ಳೆ ರಿಂಗ್‌ಗಳಿಗೆ, ಅಳತೆಯಷ್ಟೇ ಬಿಗಿಯುವ ಒಂದು ಟಾರ್ಕ್ ಸ್ಕ್ರೂಡ್ರೈವರ್‌ಗೆ ಮೊದಲೇ ದುಡ್ಡು ಎತ್ತಿಡಿ.

ಊರಿನಿಂದ "ಬರುವಾಗ ಒಂದು ತಗೊಂಡು ಬಾ" ಅನ್ನೋರಿಗೂ ಒಂದು ಮಾತು. ರೈಫಲ್ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿದೆ, ಸುಮ್ನೆ ಬ್ಯಾಗಿಗೆ ಹಾಕಿಕೊಂಡು ವಿಮಾನ ಹತ್ತುವ ವಸ್ತು ಅಲ್ಲ. ಒಲಿಂಪಿಕ್ ರೈಫಲ್ ಕಲಿಯುವ ಮಕ್ಕಳಿಗಂತೂ ಇದು ಬೇಕಾಗೋದೇ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್ (ಮೂರು ಭಂಗಿ) ಸ್ಪರ್ಧೆಯಲ್ಲಿ ಭಾರತದ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದಿದ್ದು ಸ್ಕೋಪ್ ಇಲ್ಲದೆ, ಸಣ್ಣ ರಂಧ್ರದ ಮೂಲಕ ಗುರಿ ನೋಡುವ ಬರೀ ಪೀಪ್ ಸೈಟ್‌ನಲ್ಲಿ.