ಕಣಗಿನಹಾಳದಂಥ ಸಹಕಾರಿ ಊರಿನ ಚರಿತ್ರೆ ಬರೆಯುವ ಬಗೆ

ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಂಘ, ಅಂದರೆ ರೈತರಿಗೆ ಸಾಲ ಕೊಡುವ ಸಹಕಾರಿ ಸಂಘ ಕಟ್ಟಿದರು. ಅದರ ಬಗ್ಗೆ ಬರೆಯುವವರು ಬಹಳಷ್ಟು ಮಂದಿ ‘ಏಷ್ಯಾದಲ್ಲೇ ಮೊದಲು’ ಎಂಬಲ್ಲಿಗೇ ನಿಂತುಬಿಡುತ್ತಾರೆ. ಸಹಕಾರದ ಆದರ್ಶ ಎಷ್ಟು ನಡೆಯಿತು ಎಂಬುದು ತಿಳಿಯುವುದು ಸಾಲದ ಲೆಕ್ಕದಲ್ಲೇ.

ಮೊದಲು 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಓದಿಕೊಳ್ಳಿ. ಗ್ರಾಮೀಣ ಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ರೈತರಿರಬೇಕಿತ್ತು. ಹೊಣೆ ಅಮಿತ, ಅಂದರೆ ಸಂಘ ಮುಳುಗಿದರೆ ಪ್ರತಿ ಸದಸ್ಯನ ಆಸ್ತಿಗೂ ಅದು ತಟ್ಟುತ್ತಿತ್ತು. ಇಷ್ಟು ಗೊತ್ತಿದ್ದರೆ ಠರಾವು ಪುಸ್ತಕದಲ್ಲಿ (ಸಭೆಯ ನಿರ್ಣಯ ಬರೆದಿಡುವ ವಹಿ) ಒಬ್ಬನಿಗೆ ಸಾಲ ನಿರಾಕರಿಸಿದ್ದು ಏಕೆ ಅಷ್ಟು ದೊಡ್ಡ ಮಾತು ಎಂದು ಅರ್ಥವಾಗುತ್ತದೆ.

ಆಮೇಲೆ ಠರಾವು ಪುಸ್ತಕ, ಕಿರ್ದಿ (ದಿನದಿನದ ಜಮಾ-ಖರ್ಚಿನ ವಹಿ), ಖತಾವಣಿ (ಒಬ್ಬೊಬ್ಬರ ಖಾತೆಯ ವಹಿ) ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳಿ. ಪ್ರತಿ ಸಾಲಕ್ಕೂ ತಾರೀಖು, ಮೊತ್ತ, ಉದ್ದೇಶ, ಜಾಮೀನುದಾರರು, ತೀರಿದ ದಿನ ಬರೆದುಕೊಳ್ಳಿ. ಹೆಸರಿಗೆ ತಂದೆಯ ಹೆಸರು, ಅಡ್ಡಹೆಸರು ಎರಡೂ ಬೇಕು. ಇಲ್ಲವಾದರೆ ಒಂದೇ ಊರಿನ ಮೂವರು ಬಸಪ್ಪರು ಒಬ್ಬನೇ ಆಗಿಬಿಡುತ್ತಾರೆ.

ಹೆಚ್ಚು ಕೈ ತಪ್ಪುವುದು ಹಣದ ಲೆಕ್ಕದಲ್ಲಿ. 1957ರ ಏಪ್ರಿಲ್‌ಗೆ ಮುಂಚೆ 16 ಆಣೆಗೆ ಒಂದು ರೂಪಾಯಿ, 12 ಪೈಗೆ ಒಂದು ಆಣೆ. ‘37-8-0’ ಎಂದರೆ 37 ರೂಪಾಯಿ 8 ಆಣೆ, ಅಂದರೆ 37.50 ರೂಪಾಯಿ, 37.80 ಅಲ್ಲ. ಬಡ್ಡಿ ರೂಪಾಯಿಗೆ ತಿಂಗಳಿಗೆ ಒಂದೂವರೆ ಪೈ ಎಂದಿದ್ದರೆ ಅದು ವರ್ಷಕ್ಕೆ ನೂರಕ್ಕೆ 9.375.

ಹಳೆಯ ಬರಹ ಮೋಡಿ ಲಿಪಿಯಲ್ಲಿದ್ದರೆ (ಅಕ್ಷರ ಕೂಡಿಸಿ ವೇಗವಾಗಿ ಬರೆಯುವ ಹಳೆಯ ಶೈಲಿ) ಊಹಿಸಿ ಓದಬೇಡಿ, ಬಲ್ಲವರಿಗೇ ತೋರಿಸಿ. ಹಾಳೆಯ ಚಿತ್ರ ತೆಗೆಯುವಾಗ ಫ್ಲ್ಯಾಶ್ ಬೇಡ. ಕಿಟಕಿಯ ಪಕ್ಕದ ಬೆಳಕು ಸಾಕು, ಮಾಸಿದ ಶಾಯಿ ಅದರಲ್ಲೇ ಚೆನ್ನಾಗಿ ಕಾಣುತ್ತದೆ. ಹೊಲಿಗೆ ಬಿಚ್ಚಿದ ವಹಿಯನ್ನು ಅಗಲಿಸಿ ಒತ್ತಬಾರದು.

ಸರ್ಕಾರಿ ಕಾಗದ ಹುಡುಕುವಾಗ ಗದಗ 1997ರವರೆಗೆ ಧಾರವಾಡ ಜಿಲ್ಲೆಯಲ್ಲಿತ್ತು, 1956ರ ನವೆಂಬರ್‌ಗೆ ಮುಂಚೆ ಮುಂಬಯಿ ಆಡಳಿತದಲ್ಲಿತ್ತು ಎಂಬುದು ನೆನಪಿರಲಿ. ‘ಗದಗ ಜಿಲ್ಲೆ’ ಎಂದು ಕೇಳಿದರೆ ಹಳೆಯ ಕಡತ ಸಿಗುವುದಿಲ್ಲ.

ಹಿರಿಯರನ್ನು ‘ಸಂಘ ಹೆಂಗಿತ್ತು?’ ಎಂದು ಕೇಳಿದರೆ ‘ಚಲೋ ಇತ್ತು’ ಎಂದಷ್ಟೇ ಉತ್ತರ ಬರುತ್ತದೆ. ಖತಾವಣಿಯ ಒಂದು ಪುಟದ ನಕಲು ಕೈಗೆ ಕೊಟ್ಟು, ಜಾಮೀನು ನಿಂತವರು ಯಾವ ಓಣಿಯವರು, ಆ ವರ್ಷ ಹತ್ತಿ ಬಂದಿತ್ತೋ ಇಲ್ಲವೋ ಎಂದು ಕೇಳಿ. ಮಾತು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಜಾಮೀನುದಾರರೆಲ್ಲ ಒಂದೇ ಓಣಿಯವರೇ ಆಗಿದ್ದರೆ ಅದನ್ನು ಮುಚ್ಚಿಡದೆ ಬರೆಯಿರಿ.

ಸಾಲ ತೀರಿಸದವರ ಮೊಮ್ಮಕ್ಕಳು ಅದೇ ಊರಲ್ಲಿ ಬದುಕುತ್ತಿರುತ್ತಾರೆ. ಅಚ್ಚಿಗೆ ಕೊಡುವಾಗ ಆ ಹೆಸರುಗಳನ್ನು ಬಿಟ್ಟು ಮೊತ್ತ ಮತ್ತು ವರ್ಷ ಮಾತ್ರ ಉಳಿಸಿ. ಪುಟಸಂಖ್ಯೆ ಹಾಕಿದ ಚಿತ್ರಗಳ ಒಂದು ಪ್ರತಿ ಸಂಘದ ಕಚೇರಿಗೆ ಕೊಡಿ.