ತಾಲ್ಲೂಕು ಮಟ್ಟದ ಕ್ಯಾನ್ಸರ್ ತಡೆ ಅಧ್ಯಯನವನ್ನು ಊರಿನ ಪಟ್ಟಿಯಿಂದ ಆರಂಭಿಸುವ ಕ್ರಮ

ಒಂದು ಹೋಬಳಿಯಲ್ಲಿ ತಪಾಸಣಾ ಶಿಬಿರ ನಡೆಸಿ, ಇಷ್ಟು ಜನ ಬಂದರು, ಇಷ್ಟು ಜನರಲ್ಲಿ ಸಂದೇಹಾಸ್ಪದ ಲಕ್ಷಣ ಕಂಡಿತು ಎಂದು ವರದಿ ಬರೆಯುವುದು ಸೇವೆಯಾಗುತ್ತದೆಯೇ ಹೊರತು ಜನಸಮುದಾಯದ ಅಧ್ಯಯನವಾಗುವುದಿಲ್ಲ. ಶಿಬಿರಕ್ಕೆ ಬರುವವರು ಸಾಮಾನ್ಯವಾಗಿ ಆರೋಗ್ಯದ ಬಗ್ಗೆ ಎಚ್ಚರವುಳ್ಳವರು ಅಥವಾ ಈಗಾಗಲೇ ತೊಂದರೆ ಅನುಭವಿಸುತ್ತಿರುವವರು. ಕೂಲಿ ಬಿಟ್ಟು ಬರಲಾಗದವರು, ಸಂಕೋಚದಿಂದ ಹಿಂದುಳಿದವರು, ದುಡಿಮೆಗಾಗಿ ಗೋವಾಕ್ಕೋ ಬೆಂಗಳೂರಿಗೋ ಹೋದವರು ಲೆಕ್ಕದಿಂದಲೇ ಹೊರಗುಳಿಯುತ್ತಾರೆ. ಆದ್ದರಿಂದ ಅಧ್ಯಯನ ಕೈಗೊಳ್ಳುವ ವೈದ್ಯರು, ನರ್ಸಿಂಗ್ ಕಾಲೇಜಿನ ಅಧ್ಯಾಪಕರು ಅಥವಾ ಸ್ವಯಂಸೇವಾ ಸಂಸ್ಥೆಯವರು ಮೊದಲು ಸಿದ್ಧಪಡಿಸಬೇಕಾದದ್ದು ಊರಿನ ಎಲ್ಲ ಅರ್ಹ ವಯಸ್ಕರ ಪಟ್ಟಿಯನ್ನು.

ಅದಕ್ಕೂ ಮುನ್ನ ಈಗಾಗಲೇ ತಿಳಿದಿರುವುದನ್ನು ಕಲೆಹಾಕಿಕೊಳ್ಳಿ. ಬೆಂಗಳೂರಿನ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ, ಅಂದರೆ ಆ ಪ್ರದೇಶದ ನಿವಾಸಿಗಳಲ್ಲಿ ಪತ್ತೆಯಾಗುವ ಎಲ್ಲ ಕ್ಯಾನ್ಸರ್ ಪ್ರಕರಣಗಳ ದಾಖಲಾತಿ, 1982ರಿಂದ ಕಿದ್ವಾಯಿ ಸಂಸ್ಥೆಯಲ್ಲಿ ನಡೆಯುತ್ತಿದೆ. ಆದರೆ ಮಹಾನಗರದ ಅಂಕಿಅಂಶಗಳನ್ನು ರಾಯಚೂರಿನ ಹಳ್ಳಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ತಾಲ್ಲೂಕು ಆಸ್ಪತ್ರೆ, ಜಿಲ್ಲೆಯ ರೋಗಪತ್ತೆ ಪ್ರಯೋಗಾಲಯಗಳು ಮತ್ತು ಮರಣ ನೋಂದಣಿ ದಾಖಲೆಗಳಿಂದ ಸ್ಥಳೀಯ ಚಿತ್ರವನ್ನು ಕಟ್ಟಿಕೊಳ್ಳಬೇಕು. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯು 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳ ತಪಾಸಣೆಯನ್ನು ಸೂಚಿಸುತ್ತದೆ. ಮೂರನ್ನೂ ಒಟ್ಟಿಗೆ ಹಿಡಿಯುವ ಬದಲು, ನಿಮ್ಮ ಊರುಗಳಲ್ಲಿ ಹೆಚ್ಚು ಕಾಣುವ ಒಂದನ್ನು ಆರಿಸಿಕೊಂಡರೆ ಕೆಲಸ ಗಟ್ಟಿಯಾಗುತ್ತದೆ.

ಮನೆಮನೆಯ ಪಟ್ಟಿಗೆ ಆಶಾ ಕಾರ್ಯಕರ್ತೆಯರೇ ಆಧಾರ. ಅವರಿಗೆ ಇದು ಹೆಚ್ಚುವರಿ ಹೊರೆಯಾಗದಂತೆ ಗೌರವಧನ ನಿಗದಿಪಡಿಸಿ, ಊರಿನಲ್ಲಿ ಇಲ್ಲದವರ ಹೆಸರನ್ನೂ, ಅವರು ಮರಳುವ ಕಾಲವನ್ನೂ ಬರೆಸಿ. ತಂಬಾಕು ಬಳಸುತ್ತೀರಾ ಎಂದು ಒಂದೇ ಪ್ರಶ್ನೆ ಕೇಳಿದರೆ, ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕಿಕೊಳ್ಳುವ ಅನೇಕ ಹಿರಿಯ ಹೆಂಗಸರು ಇಲ್ಲವೆಂದೇ ಹೇಳಬಹುದು. ಹೊಗೆಸೊಪ್ಪು, ಗುಟ್ಕಾ, ಕಡ್ಡಿಪುಡಿ, ಬೀಡಿ, ಸಿಗರೇಟು ಎಂದು ಒಂದೊಂದನ್ನೂ ಹೆಸರಿಸಿ ಕೇಳಬೇಕು.

ಹೋಲಿಕೆಯಿಲ್ಲದೆ ಪರಿಣಾಮ ತಿಳಿಯುವುದಿಲ್ಲವಾದ್ದರಿಂದ, ಒಬ್ಬೊಬ್ಬ ವ್ಯಕ್ತಿಯನ್ನಲ್ಲ, ಇಡೀ ಊರುಗಳನ್ನು ಗುಂಪುಗಳಾಗಿ ವಿಂಗಡಿಸಬೇಕು. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ಅಧ್ಯಯನ 13 ಪಂಚಾಯತಿಗಳನ್ನು ಹೀಗೆ ವಿಂಗಡಿಸಿತು. ತರಬೇತಿ ಪಡೆದ ಕಾರ್ಯಕರ್ತರು ಬಾಯಿಯನ್ನು ಕಣ್ಣಿನಿಂದ ಪರೀಕ್ಷಿಸಿದ್ದರಿಂದ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆಯಾಯಿತು. ನಮ್ಮ ಬೀದರ್ ಮತ್ತು ಕಲಬುರಗಿ ಜಿಲ್ಲೆಗಳಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 30ರಿಂದ 59 ವರ್ಷದ 1.3 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡ ಅಧ್ಯಯನವು, ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸನ್ನು ಪತ್ತೆಹಚ್ಚುವ ಒಂದೇ ಒಂದು ಪರೀಕ್ಷೆಯಿಂದ ಗರ್ಭಕಂಠದ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕಿಳಿದದ್ದನ್ನು 2009ರಲ್ಲಿ ಪ್ರಕಟಿಸಿತು. ಹೋಲಿಕೆಯ ಗುಂಪಿನ ಮಹಿಳೆಯರಿಗೆ ತಪಾಸಣೆ ಒದಗಿಸದಿದ್ದುದು ಮುಂದೆ ತೀವ್ರ ನೈತಿಕ ಚರ್ಚೆಗೆ ಕಾರಣವಾಯಿತು. ಪ್ರಯೋಜನ ಸಾಬೀತಾದ ಮೇಲೆ ಯಾವ ಊರನ್ನೂ ಹಾಗೆ ಬಿಡಲಾಗದು. ಕೆಲವು ಪಂಚಾಯತಿಗಳಲ್ಲಿ ಮೊದಲು, ಉಳಿದವುಗಳಲ್ಲಿ ಕೆಲವು ತಿಂಗಳ ನಂತರ ಆರಂಭಿಸಿ ಹೋಲಿಸುವ ಅಥವಾ ಜನರನ್ನು ಕರೆತರುವ ಎರಡು ವಿಧಾನಗಳನ್ನು ಹೋಲಿಸುವ ವಿನ್ಯಾಸವೇ ಇಂದು ಯೋಗ್ಯ. ನೈತಿಕ ಸಮಿತಿಯ ಒಪ್ಪಿಗೆ ಪಡೆಯದೆ ಒಂದು ಮನೆಗೂ ಹೋಗಬಾರದು, ಮತ್ತು ಒಪ್ಪಿಗೆ ಪತ್ರವನ್ನು ಓದಲು ಬಾರದವರಿಗೆ ಕನ್ನಡ, ಉರ್ದು, ತೆಲುಗು, ಲಂಬಾಣಿ ಹೀಗೆ ಅವರ ಮನೆಮಾತಿನಲ್ಲಿಯೇ ವಿವರಿಸಬೇಕು.

ಇಡೀ ಕಾರ್ಯದಲ್ಲಿ ಹೆಚ್ಚು ಹಣ, ಹೆಚ್ಚು ಸಮಯ ಮತ್ತು ಹೆಚ್ಚು ಕಾಳಜಿ ಬೇಡುವುದು ತಪಾಸಣೆಯ ನಂತರದ ಹಂತ. ಬಾಯಲ್ಲಿ ಬಿಳಿ ಮಚ್ಚೆ ಕಂಡ ವ್ಯಕ್ತಿಗೆ ಚೀಟಿ ಬರೆದುಕೊಟ್ಟು ಕಳುಹಿಸಿದರೆ, ಅವರು ಜಿಲ್ಲಾಸ್ಪತ್ರೆ ತಲುಪುತ್ತಾರೆಂದು ಭಾವಿಸುವಂತಿಲ್ಲ. ನೋವಿಲ್ಲದ ಮಚ್ಚೆಗಾಗಿ ಎರಡು ದಿನದ ಕೂಲಿ ಕಳೆದುಕೊಳ್ಳಲು ಬಡವರು ಹಿಂಜರಿಯುವುದು ಸಹಜ. ಬಯಾಪ್ಸಿ (ಮಚ್ಚೆಯ ತುಣುಕು ತೆಗೆದು ಮಾಡುವ ಪರೀಕ್ಷೆ) ಎಲ್ಲಿ, ಯಾವ ವಾರ, ಜೊತೆಗೆ ಯಾರು ಹೋಗುತ್ತಾರೆ, ಬಸ್ಸಿನ ಖರ್ಚು ಯಾರದು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಕಾಗದಪತ್ರಗಳನ್ನು ಯಾರು ಸಿದ್ಧಪಡಿಸುತ್ತಾರೆ ಎಂಬುದನ್ನೆಲ್ಲ ಮೊದಲ ತಪಾಸಣೆಗೆ ಮುನ್ನವೇ ನಿರ್ಧರಿಸಿ. ಸಂದೇಹ ಮೂಡಿದ ದಿನ, ಬಯಾಪ್ಸಿಯ ದಿನ, ಫಲಿತಾಂಶ ತಿಳಿಸಿದ ದಿನ, ಚಿಕಿತ್ಸೆ ಆರಂಭವಾದ ಮತ್ತು ಮುಗಿದ ದಿನಗಳನ್ನು ಪ್ರತಿಯೊಬ್ಬರಿಗೂ ದಾಖಲಿಸಿದರೆ, ಜನರು ಯಾವ ಮೆಟ್ಟಿಲಲ್ಲಿ ಕೈಬಿಟ್ಟು ಹೋಗುತ್ತಾರೆಂಬುದು ಸ್ಪಷ್ಟವಾಗುತ್ತದೆ. ಚಿಕಿತ್ಸೆಯ ದಾರಿಯನ್ನು ಸಿದ್ಧಪಡಿಸದೆ ರೋಗವನ್ನು ಹುಡುಕಲು ಹೊರಡುವುದು ಅನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ.

ಪರಿಣಾಮ ಅಳೆಯುವಾಗ, ರೋಗ ಪತ್ತೆಯಾದ ಮೇಲೆ ಎಷ್ಟು ವರ್ಷ ಬದುಕಿದರು ಎಂಬ ಲೆಕ್ಕವನ್ನಷ್ಟೇ ನಂಬಬೇಡಿ. ಬೇಗ ಪತ್ತೆಯಾದ ಮಾತ್ರಕ್ಕೆ ಆ ಅವಧಿ ಉದ್ದವಾಗಿ ಕಾಣುತ್ತದೆ. ಪತ್ತೆಯಾದಾಗ ರೋಗವಿದ್ದ ಹಂತ ಮತ್ತು ಪಟ್ಟಿಯಲ್ಲಿರುವ ಒಟ್ಟು ಜನರಲ್ಲಿ ಸಂಭವಿಸಿದ ಕ್ಯಾನ್ಸರ್ ಸಾವುಗಳು ಹೆಚ್ಚು ವಿಶ್ವಾಸಾರ್ಹ. ಮಹಾರಾಷ್ಟ್ರದ ಬಾರ್ಶಿಯಲ್ಲಿ 1987ರಲ್ಲಿ ಆರಂಭವಾದ ಗ್ರಾಮೀಣ ನೋಂದಣಿಯ ಸಿಬ್ಬಂದಿ ಹಳ್ಳಿಗಳಿಗೆ ಹೋಗಿ ರೋಗಲಕ್ಷಣಗಳನ್ನು ತಿಳಿಸುತ್ತ ಬಂದಂತೆ, ಗರ್ಭಕಂಠದ ಕ್ಯಾನ್ಸರ್ ಆರಂಭದ ಹಂತದಲ್ಲೇ ಪತ್ತೆಯಾಗುವ ಪ್ರಮಾಣ ಏರಿತು. ಮನೆಯಲ್ಲೇ ಸಂಭವಿಸಿದ ಸಾವುಗಳ ಕಾರಣವನ್ನು ಕುಟುಂಬದವರೊಂದಿಗೆ ಮಾತನಾಡಿ ತಿಳಿಯಬೇಕಾಗುತ್ತದೆ. ಶೋಕದ ದಿನಗಳು ಕಳೆದ ಮೇಲೆ, ಅವರಿಗೆ ಅನುಕೂಲವಾದ ಹೊತ್ತಿನಲ್ಲಿ ಹೋಗಿ.

ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಮಂಡಿಸುವಾಗ ಹಲವು ಊರುಗಳ ಅಂಕಿಗಳನ್ನು ಒಟ್ಟುಗೂಡಿಸಿ ಹೇಳಬೇಕು. ಇನ್ನೂರು ಮನೆಗಳ ಹಳ್ಳಿಯಲ್ಲಿ ಇಬ್ಬರಿಗೆ ಸ್ತನ ಕ್ಯಾನ್ಸರ್ ಎಂದರೆ ಆ ಇಬ್ಬರು ಯಾರೆಂದು ಸಭೆ ಮುಗಿಯುವ ಮುನ್ನವೇ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.