ನಾದವಿಲ್ಲದ ಸೀಸ

ಸೀಸವನ್ನು ಲೇತ್‌ಗೆ ಕಟ್ಟಿದರೆ ಟೂಲ್‌ಗೇ ಮೆತ್ತಿಕೊಳ್ಳುತ್ತದೆ. ಮುಂಬಯಿಯ ನಮ್ಮ ಲ್ಯಾಬಿನ ವರ್ಕ್‌ಶಾಪಿನಲ್ಲಿ ಆ ಕೆಲಸ ಮಾಡಿಕೊಟ್ಟವರು ಉಡುಪಿ ಕಡೆಯ ಹಿರಿಯರೊಬ್ಬರು. 2 ಸೆಂ.ಮೀ. ದಪ್ಪದ ಬಿಲ್ಲೆ ಕೊಯ್ದುಕೊಟ್ಟು, ಉಳಿದ ಗೇಣುದ್ದದ ಸರಳನ್ನು ನೇತುಹಾಕಿ ಸ್ಪ್ಯಾನರ್‌ನಿಂದ ತಟ್ಟಿದರು. ದಪ್ ಅಂದಿತು, ಅಷ್ಟೇ. "ಎಂಥ ಲೋಹ ಸರ್ ಇದು, ನಾದವೇ ಇಲ್ಲ ಮಾರಾಯ್ರೆ!"

ನಾನು ಅಳೆಯಲು ಹೊರಟಿದ್ದೂ ಆ ಮೆತ್ತಗಿನ ಗುಣವನ್ನೇ. ಸೀಸ 7.2 ಕೆಲ್ವಿನ್‌ನಲ್ಲಿ (ಸುಮಾರು ಮೈನಸ್ 266 ಡಿಗ್ರಿ ಸೆಲ್ಸಿಯಸ್) ಸೂಪರ್‌ಕಂಡಕ್ಟರ್ ಆಗುತ್ತದೆ, ಅಂದರೆ ಅದರಲ್ಲಿ ವಿದ್ಯುತ್ತು ಅಡ್ಡಿಯೇ ಇಲ್ಲದೆ ಹರಿಯುತ್ತದೆ. ಗಟ್ಟಿಯಾಗಿರುವ ಅಲ್ಯೂಮಿನಿಯಂ 1.2 ಕೆಲ್ವಿನ್‌ವರೆಗೆ ಕಾಯಬೇಕು. ಇದು ಸುಮ್ನೆ ಕಾಕತಾಳೀಯ ಅಲ್ಲ. 1957ರಲ್ಲಿ ಭೌತವಿಜ್ಞಾನಿಗಳಾದ ಬಾರ್ಡೀನ್, ಕೂಪರ್, ಶ್ರೀಫರ್ ಕೊಟ್ಟ ವಿವರಣೆ ಹೀಗಿದೆ: ಎಲೆಕ್ಟ್ರಾನ್ ಹಾದುಹೋಗುವಾಗ ಸುತ್ತಲಿನ ಅಯಾನುಗಳು (ಧನ ವಿದ್ಯುದಂಶವಿರುವ ಪರಮಾಣುಗಳು) ಅದರತ್ತ ಸ್ವಲ್ಪ ವಾಲುತ್ತವೆ. ಅವು ಹಿಂದೆ ಸರಿಯುವ ಮೊದಲೇ ಇನ್ನೊಂದು ಎಲೆಕ್ಟ್ರಾನ್ ಆ ಜಾಗಕ್ಕೆ ಸೆಳೆಯಲ್ಪಡುತ್ತದೆ. ಎಲೆಕ್ಟ್ರಾನ್‌ಗಳು ಜೋಡಿ ಕೂಡುವುದು ಹೀಗೆ, ಅಡ್ಡಿಯಿಲ್ಲದೆ ಹರಿಯುವುದು ಈ ಜೋಡಿಗಳೇ. ಅಯಾನುಗಳ ಜಾಲ ಮೆತ್ತಗಿದ್ದಷ್ಟೂ ಹೆಚ್ಚು ವಾಲುತ್ತದೆ, ಜೋಡಿಯೂ ಬಿಗಿಯಾಗುತ್ತದೆ.

ಜಾಲದ ಬಿಗಿತ ತಿಳಿಯಲು ಒಳಗೆ ಶಬ್ದ ಎಷ್ಟು ವೇಗವಾಗಿ ಓಡುತ್ತದೆ ಅಂತ ನೋಡಿದರೆ ಸಾಕು. ಬಿಲ್ಲೆಯ ಒಂದು ಮುಖಕ್ಕೆ ಟ್ರಾನ್ಸ್‌ಡ್ಯೂಸರ್ (ವಿದ್ಯುತ್ತನ್ನು ಕಂಪನವಾಗಿಸುವ ಸಾಧನ) ಅಂಟಿಸಿ ಪಲ್ಸ್ ಕಳಿಸಿದೆ. ಪ್ರತಿಧ್ವನಿ ಮರಳುವ ಹೊತ್ತನ್ನು ಆಸಿಲ್ಲೋಸ್ಕೋಪ್‌ನಲ್ಲಿ ಓದಿಕೊಂಡೆ. ಓಡುವ ದಿಕ್ಕಿನಲ್ಲೇ ಕಂಪಿಸುವ ಉದ್ದ ಅಲೆಗೆ ತೆಳು ಗ್ರೀಸ್ ಸಾಕಾಯಿತು. ಅಡ್ಡಕ್ಕೆ ಕಂಪಿಸುವ ಅಡ್ಡ ಅಲೆ ಮಾತ್ರ ತೆಳು ದ್ರವವನ್ನು ದಾಟುವುದಿಲ್ಲ, ಅದಕ್ಕೆ ದಪ್ಪನೆಯ ಅಂಟು ಬೇಕು. ಒಳ್ಳೆಯ ಜೇನುತುಪ್ಪ ತಂದು ಒಂದು ಹನಿ ಹಚ್ಚಿದೆ. ಟ್ರಾನ್ಸ್‌ಡ್ಯೂಸರನ್ನು ಅದರ ಮೇಲಿಟ್ಟು ಹಿತವಾಗಿ ತಿರುಚುತ್ತಾ ಒತ್ತಿದೆ. ಗುಳ್ಳೆ ಉಳಿದರೆ ಪ್ರತಿಧ್ವನಿ ಕಾಣುವುದೇ ಇಲ್ಲ. ಉದ್ದ ಅಲೆ 18.5 ಮೈಕ್ರೋಸೆಕೆಂಡಿನಲ್ಲಿ ಮರಳಿತು. ಅಡ್ಡ ಅಲೆಗೆ 57 ಬೇಕಾಯಿತು. ಹೋಗಿ ಬರಲು 4 ಸೆಂ.ಮೀ., ಅಂದರೆ ಅಡ್ಡ ಅಲೆಯ ವೇಗ ಸೆಕೆಂಡಿಗೆ ಸುಮಾರು 700 ಮೀಟರ್. ಅಲ್ಯೂಮಿನಿಯಂನಲ್ಲಿ ಅದೇ ಅಲೆ 3,100 ಮೀಟರ್ ಓಡುತ್ತದೆ!

ಈ ವೇಗಗಳಿಂದ ಡಿಬೈ ತಾಪಮಾನ ಲೆಕ್ಕ ಹಾಕಬಹುದು. ಜಾಲ ಅತಿ ಹೆಚ್ಚೆಂದರೆ ಎಷ್ಟು ಬೇಗ ಕಂಪಿಸಬಲ್ಲದು ಅಂತ ಹೇಳುವ ಅಳತೆ ಅದು. ಅಲ್ಯೂಮಿನಿಯಂಗೆ ನನ್ನ ಲೆಕ್ಕದಲ್ಲಿ 400ರ ಮೇಲೆ ಬಂತು, ಪುಸ್ತಕದಲ್ಲಿ 428 ಕೆಲ್ವಿನ್. ಖುಷಿಯಾಯಿತು. ಸೀಸಕ್ಕೆ ಬಂದಿದ್ದು 76, ಪುಸ್ತಕದಲ್ಲಿ 105. ಎರಡು ದಿನ ಲೆಕ್ಕವನ್ನೇ ತಿದ್ದುತ್ತಾ ಕೂತೆ.

ತಪ್ಪು ಲೆಕ್ಕದಲ್ಲಿ ಇರಲಿಲ್ಲ. ಬೇಜಾರಿನಲ್ಲಿ ಆ ಗೇಣುದ್ದದ ಸರಳನ್ನು ದ್ರವ ನೈಟ್ರೋಜನ್‌ನಲ್ಲಿ ಅದ್ದಿದೆ. ಕುದಿ ನಿಂತ ಮೇಲೆ ದಾರದಿಂದ ಎತ್ತಿ ಹಿಡಿದೆ. ಜೂನ್ ತಿಂಗಳ ಮುಂಬಯಿ ಗಾಳಿ, ನೋಡುತ್ತಿದ್ದಂತೆ ಮೈತುಂಬ ಬಿಳಿ ಹಿಮ ಕಟ್ಟಿತು. ಸ್ಪ್ಯಾನರ್ ತಾಗಿಸಿದೆ. ದೇವಸ್ಥಾನದ ಗಂಟೆಯಂತೆ ಠಣ್ ಅಂದಿತು. ಮೈ ಜುಮ್ ಎಂದಿತು. ಪಕ್ಕದ ಕೋಣೆಯಿಂದ ಧಾರವಾಡದ ಹುಡುಗ ಓಡಿಬಂದು "ಏನ್ರೀ ಸರ್ ಅದು?" ಅಂದ.

ಒಳಗಿನ ಘರ್ಷಣೆ ಇಳಿದದ್ದು ನಾದಕ್ಕೆ ಮುಖ್ಯ ಕಾರಣ. ಆದರೆ ಲೋಹ ಬಿಗಿಯಾದದ್ದೂ ನಿಜ. ಸೀಸ ಕರಗುವುದು 600 ಕೆಲ್ವಿನ್‌ನಲ್ಲಿ. ನಮ್ಮ ಕೋಣೆಯ ಬಿಸಿ ಅದಕ್ಕೆ ಅರ್ಧ ದಾರಿ, ಅಲ್ವಾ? ಕೋಣೆಯ ಬಿಸಿಯಲ್ಲಿ ಅಳೆದು, ದ್ರವ ಹೀಲಿಯಂ ತಣ್ಪಿನಲ್ಲಿ ಅಳೆದ ಪುಸ್ತಕದ ಅಂಕಿಗೆ ಹೋಲಿಸಿದ್ದೇ ನನ್ನ ತಪ್ಪು. ತಣ್ಪಿನಲ್ಲಿ ಜೇನು ಬಿರಿದು ಟ್ರಾನ್ಸ್‌ಡ್ಯೂಸರ್ ಕಳಚಿಬಿತ್ತು. ಸಿಲಿಕೋನ್ ಗ್ರೀಸನ್ನು ಬಹಳ ತೆಳುವಾಗಿ ಹಚ್ಚಿ, ನಿಧಾನವಾಗಿ ತಣಿಸಿದ ಮೇಲೆ ನಿಂತಿತು. ಅಡ್ಡ ಅಲೆಯ ಹೊತ್ತು 57 ಇದ್ದದ್ದು 51 ಮೈಕ್ರೋಸೆಕೆಂಡಿಗೆ ಇಳಿಯಿತು, ಡಿಬೈ 85ರ ಹತ್ತಿರ ಬಂತು. ಉಳಿದ ಅಂತರಕ್ಕೆ ಇನ್ನೊಂದು ಕಾರಣ ಇದೆ. ಸೀಸದ ಹರಳು ಒಂದು ದಿಕ್ಕಿಗಿಂತ ಇನ್ನೊಂದು ದಿಕ್ಕಿನಲ್ಲಿ ನಾಲ್ಕು ಪಟ್ಟು ಬಿಗಿ. ಸಾವಿರಾರು ಹರಳಿನ ಗಟ್ಟಿಯಲ್ಲಿ ಸರಾಸರಿ ಸರಿಯಾಗಿ ಕೂರುವುದಿಲ್ಲ. ಒಂದೇ ಹರಳಿನ ಸೀಸ ಬೇಕು.

ತಣಿದಂತೆ ಬಿಗಿಯುವುದು ಲೋಹಗಳ ಸಾಮಾನ್ಯ ನಡತೆ. ಅದಕ್ಕೇ ಮೂರು ಪಾಲು ವನೇಡಿಯಂ, ಒಂದು ಪಾಲು ಸಿಲಿಕಾನ್‌ನ ಸಂಯುಕ್ತ ನನಗೆ ಇಷ್ಟ. ಅದು ತಣಿದಂತೆ ಮೆತ್ತಗಾಗುತ್ತಾ ಹೋಗುತ್ತದೆ. 20 ಕೆಲ್ವಿನ್ ಸುಮಾರಿಗೆ ಒಂದು ಬಗೆಯ ಅಡ್ಡ ಬಿಗಿತ ಇಲ್ಲವೆನ್ನುವಷ್ಟು ಕುಸಿಯುತ್ತದೆ. 17ರಲ್ಲಿ ಸೂಪರ್‌ಕಂಡಕ್ಟರ್ ಆಗುತ್ತದೆ.

ಹಾಗಂತ ತಟ್ಟಿ ನೋಡಿ ತೀರ್ಮಾನಿಸಬೇಡಿ. ಚಿನ್ನವೂ ಮೆತ್ತಗೆ, ಆದರೆ ಅದು ಸೂಪರ್‌ಕಂಡಕ್ಟರ್ ಆದದ್ದು ಕಂಡಿಲ್ಲ. ಬಿಸ್ಮತ್‌ನಲ್ಲಿ ಓಡಾಡುವ ಎಲೆಕ್ಟ್ರಾನ್‌ಗಳೇ ಬಹಳ ಕಡಿಮೆ. ಮುಂಬಯಿ ಕೊಲಾಬಾದ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು 0.00053 ಕೆಲ್ವಿನ್‌ವರೆಗೆ ಇಳಿದ ಮೇಲೆ ಅದು ಸೂಪರ್‌ಕಂಡಕ್ಟರ್ ಆಗುವುದನ್ನು ಕಂಡರು. 2016ರಲ್ಲಿ ಆ ಸುದ್ದಿ ಬಂದಾಗ ನಮ್ಮ ಕ್ಯಾಂಟೀನಿನಲ್ಲಿ ಅದೇ ಮಾತು. ವಾಲಬಲ್ಲ ಜಾಲವೂ ಬೇಕು, ವಾಲಿಸಲು ಸಾಕಷ್ಟು ಎಲೆಕ್ಟ್ರಾನ್‌ಗಳೂ ಬೇಕು.

ಈಗ ಮೇಜಿನ ಮೇಲೆ ನಿಯೋಬಿಯಂ ಬಿಲ್ಲೆ ಇದೆ. ಸೀಸಕ್ಕಿಂತ ಎಷ್ಟೋ ಗಟ್ಟಿ, ಆದರೂ 9.2 ಕೆಲ್ವಿನ್‌ನಲ್ಲೇ ಸೂಪರ್‌ಕಂಡಕ್ಟರ್. ವರ್ಕ್‌ಶಾಪಿನ ಹಿರಿಯರು ಅದನ್ನು ಆಗಲೇ ತಟ್ಟಿ ನೋಡಿದ್ದಾರೆ.